ಹೊರಕ್ಕೆ ತೆರೆಯುವ ಬಾಗಿಲು

ಕಲಾಕೇಂದ್ರದ ಆಡಳಿತ ಸಮಿತಿಯಲ್ಲಿ ಏಳು ಜನ. ಏಳು ಜನಕ್ಕೂ ಸಂಬಳವಿಲ್ಲ, ಹೊಗಳಿಕೆ ಅಪರೂಪ, ಬೈಗುಳ ಮಾತ್ರ ಧಾರಾಳ. ನಾಟಕ ಚೆನ್ನಾಗಿ ಬಂದರೆ ಚಪ್ಪಾಳೆ ನಟರಿಗೆ. ಫ್ಯಾನು ತಿರುಗದಿದ್ದರೆ ಶಾಪ ಸಮಿತಿಗೆ. ಆದರೂ ಮೂರು ವರ್ಷಕ್ಕೊಮ್ಮೆ ಸದಸ್ಯರೆಲ್ಲ ಸೇರಿ ಆರಿಸಲು ಕುಳಿತಾಗ, ಕತ್ತು ಕೊಡಲು ಏಳು ಜನ ಹೇಗೋ ಸಿಕ್ಕೇ ಸಿಗುತ್ತಿದ್ದರು.

ಅವರಲ್ಲಿ ಒಬ್ಬಳು ಸಿಟಿ ಬಸ್ಸಿನ ಡ್ರೈವರು. ಇಪ್ಪತ್ತೆರಡು ವರ್ಷದಿಂದ ಸ್ಟೀರಿಂಗು ಹಿಡಿದವಳು. ಊರಿಗೆಲ್ಲ ಡ್ರೈವರಕ್ಕ. ಅವಳು ಬಣ್ಣ ಹಚ್ಚಿದವಳಲ್ಲ, ರಾಗ ಎಳೆದವಳಲ್ಲ; ಸ್ನಾನದ ಮನೆಯಲ್ಲೂ ಹಾಡದ ಜೀವ. ಸಮಿತಿಗೆ ಬಂದದ್ದು ಭಾವನ ಮಾತಿಗೆ. ‘ಒಂದು ಕುರ್ಚಿ ಖಾಲಿ ಇದೆ, ಸುಮ್ಮನೆ ಬಂದು ಕೂತ್ಕೋ’ ಅಂದಿದ್ದರು ಭಾವ. ಅವಳು ಎರಡು ವರ್ಷ ಅಕ್ಷರಶಃ ಹಾಗೇ ಮಾಡಿದಳು. ಬಂದಳು, ಕೂತಳು, ಅಕ್ಕ ಫ್ಲಾಸ್ಕಿನಲ್ಲಿ ಕಳಿಸಿದ ಟೀ ಕುಡಿದಳು, ಎದ್ದುಹೋದಳು.

ಭಾವ ಎಂದರೆ ಅಕ್ಕನ ಗಂಡ, ಕಲಾಕೇಂದ್ರದ ಅಧ್ಯಕ್ಷರು. ಹತ್ತೊಂಬತ್ತು ವರ್ಷದಿಂದ ಅವರೇ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತ ಒಂದು ಆಯಸ್ಸು ಬಾಯಿಮುಚ್ಚಿ ಕಳೆದವರು, ಆ ಬಾಕಿಯನ್ನೆಲ್ಲ ರಂಗದ ಮೇಲೆ ತೀರಿಸಿಕೊಂಡಿದ್ದರು. ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳುವ ಕಂಠ. ಕಟ್ಟಡ ಏಳುವಾಗ ದಿನಾ ಬೆಳಿಗ್ಗೆ ಗಾರೆಯವರ ಪಕ್ಕ ನಿಂತು ಇಟ್ಟಿಗೆಗೆ ನೀರು ಹಾಕಿಸಿದ್ದು ಅವರೇ. ರಂಗದ ಬಲಕ್ಕೆ ಅವರದೊಂದು ಕೋಣೆ. ಗೋಡೆಯ ತುಂಬ ಅವರು ಹಾಕಿದ ವೇಷಗಳ ಫೋಟೋ, ಕಿಟಕಿಯ ಕೆಳಗೆ ಬಣ್ಣ ಹಚ್ಚಿಕೊಳ್ಳುವ ಮೇಜು.

ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಸಂಗೀತದ ಟೀಚರು ನಲವತ್ತಮೂರು ಮಕ್ಕಳನ್ನು ರಂಗದ ಮೇಲೆ ಸಾಲಾಗಿ ನಿಲ್ಲಿಸಿ ಹಾಡಿಸುತ್ತಿದ್ದರು. ಸಭಾಂಗಣದಲ್ಲಿ ಅಪ್ಪ ಅಮ್ಮ, ಅಜ್ಜಿ ತಾತ. ದೀಪಗಳ ಪೆಟ್ಟಿಗೆಯೊಳಗೆ ಯಾವುದೋ ವೈರು ಸುಟ್ಟು ಹೊಗೆ ಎದ್ದಿತು. ದೀಪ ಆರಿತು. ಬೆಂಕಿ ಏನೂ ಹೊತ್ತಿಕೊಳ್ಳಲಿಲ್ಲ, ಆದರೆ ಕತ್ತಲಲ್ಲಿ ಹೊಗೆಯ ವಾಸನೆ ಬಂದರೆ ಯಾರು ತಾನೇ ಕಾದು ನೋಡುತ್ತಾರೆ? ಎಲ್ಲರೂ ಇದ್ದ ಒಂದೇ ಮುಂಬಾಗಿಲಿಗೆ ನುಗ್ಗಿದರು. ಡ್ರೈವರಕ್ಕ ಅಲ್ಲೇ ಇದ್ದಳು, ಕುರ್ಚಿ ಎಣಿಸಲು ಬಂದಿದ್ದಳು. ಬಾಗಿಲ ಬಳಿ ನಿಂತು ಒಬ್ಬೊಬ್ಬರನ್ನೇ ಹೊರಗೆ ದಾಟಿಸಿದಳು. ಕಡೆಯ ಮಗು ಹೊರಗೆ ಬಂದಾಗ ಗಡಿಯಾರ ನೋಡಿಕೊಂಡಳು. ಹನ್ನೊಂದು ನಿಮಿಷ. ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು, ಅಷ್ಟೇ. ಅಷ್ಟಕ್ಕೇ ಮುಗಿದದ್ದು ಅದೃಷ್ಟ.

ರಂಗದ ಹಿಂದೆ ಇನ್ನೊಂದು ಬಾಗಿಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದರ ಮುಂದೆ ಹದಿನೈದು ವರ್ಷದ ಹಳೇ ಸೆಟ್ಟುಗಳು ಒಂದರ ಬೆನ್ನಿಗೊಂದು ಒರಗಿ ಕೂತಿದ್ದವು ಎಂಬುದೂ ಗೊತ್ತಿತ್ತು. ಡ್ರೈವರಕ್ಕ ದಿನಾ ಡಿಪೋದಿಂದ ಹೊರಡುವ ಮೊದಲು ಬಸ್ಸಿನ ತುರ್ತು ಬಾಗಿಲನ್ನು ಕೈಯಾರೆ ತೆಗೆದು ಹಾಕಿ ನೋಡುತ್ತಿದ್ದಳು. ಎರಡು ವರ್ಷದಿಂದ ಈ ಸಭಾಂಗಣದಲ್ಲಿ ಕೂತು ಟೀ ಕುಡಿದಿದ್ದಳು, ಒಂದು ದಿನವೂ ಆ ಬಾಗಿಲನ್ನು ಮುಟ್ಟಿ ನೋಡಿರಲಿಲ್ಲ. ಆ ಯೋಚನೆ ಅವಳನ್ನು ಎರಡು ದಿನ ಸರಿಯಾಗಿ ಉಣ್ಣಗೊಡಲಿಲ್ಲ.

ಬುಧವಾರದ ಸಭೆಯಲ್ಲಿ ಮೊದಲ ಸಲ ಬಾಯಿ ತೆಗೆದಳು.

“ಆ ಹಿಂದಿನ ಬಾಗಿಲು ತೆಗೆಯೋ ತನಕ ಇಲ್ಲಿ ಏನೂ ನಡೆಸಬಾರದು.”

ಭಾವ ಕನ್ನಡಕದ ಮೇಲಿಂದ ನೋಡಿದರು. “ವೈರ್ ಬದಲಾಯಿಸಿ ಆಯ್ತಲ್ಲ. ಮುಂದಿನ ವಾರದ ಶುಕ್ರವಾರ ನಾಟಕ ಇದೆ. ಟಿಕೆಟ್ ಎಲ್ಲ ಹೋಗಿದೆ.”

“ನಾಟಕ ಮುಂದಕ್ಕೆ ಹಾಕೋಣ.”

“ನಾಟಕ ಅಂದ್ರೆ ಬಸ್ಸಾ, ಇದು ಹೋದ್ರೆ ಇನ್ನೊಂದು ಬರುತ್ತೆ ಅನ್ನೋಕೆ?”

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು, ಮಾತು ಚೆನ್ನಾಗಿತ್ತು. ನಗು ಇಳಿದ ಮೇಲೆ ಭಾವ ‘ಮುಂದಿನ ತಿಂಗಳು ನೋಡೋಣ’ ಎಂದು ಬರೆಸಿ, ಪರದೆಯ ಬಣ್ಣದ ವಿಷಯಕ್ಕೆ ಹೋದರು. ಶುಕ್ರವಾರದ ನಾಟಕದಲ್ಲಿ ಮುದಿ ರಾಜನ ಪಾತ್ರ ಭಾವನದೇ. ಅದನ್ನು ಅವರು ಆಡಲು ಶುರುಮಾಡಿ ಆ ವರ್ಷಕ್ಕೆ ಇಪ್ಪತ್ತೈದು ತುಂಬುತ್ತಿತ್ತು.

ಮನೆಗೆ ಹೋಗಿ ಅವಳು ಕೇಂದ್ರದ ನಿಯಮಗಳ ಪುಸ್ತಕ ಹುಡುಕಿ ತೆಗೆದಳು. ಸಮಿತಿಗೆ ಬಂದ ದಿನ ಕೊಟ್ಟದ್ದು. ಅಲ್ಲಿಯವರೆಗೆ ಅಲುಗುವ ಕಪಾಟಿನ ಕಾಲಿಗೆ ಆಸರೆಯಾಗಿತ್ತು. ಒಂಬತ್ತನೇ ಪುಟದಲ್ಲಿ ಬೇಕಾದದ್ದು ಸಿಕ್ಕಿತು: ಸಮಿತಿಯ ಇಬ್ಬರು ಸಹಿ ಮಾಡಿ ಕೇಳಿದರೆ ಮೂರು ದಿನದೊಳಗೆ ವಿಶೇಷ ಸಭೆ ಕರೆಯಲೇಬೇಕು. ಆ ಸಭೆಯ ತೀರ್ಮಾನವನ್ನು ಅಧ್ಯಕ್ಷರೂ ಮೀರುವಂತಿಲ್ಲ. ಏಳರಲ್ಲಿ ನಾಲ್ಕು ಕೈ ಎದ್ದರೆ ಸಾಕು. ತನ್ನದೊಂದು. ಇನ್ನು ಮೂರು.

ಮೊದಲು ಹೋದದ್ದು ಸಮಿತಿಯಲ್ಲೇ ಇದ್ದ ಸಂಗೀತದ ಟೀಚರ ಮನೆಗೆ. ಅವರು ಹಾರ್ಮೋನಿಯಂ ಮುಚ್ಚಿಟ್ಟರು.

“ಅಧ್ಯಕ್ಷರು ಬೇಡ ಅಂದ್ರೆ ನನ್ನ ಕ್ಲಾಸಿಗೆ ಜಾಗ ಇಲ್ಲ. ಅದು ನಿಮಗೂ ಗೊತ್ತು.”

“ಗೊತ್ತು.”

“ನನ್ನ ಹೊಟ್ಟೆಪಾಡು ಅದು.”

“ಅದೂ ಗೊತ್ತು. ಅದಕ್ಕೇ ಬಲವಂತ ಮಾಡಲ್ಲ. ಸಹಿ ಬೇರೆಯವರನ್ನ ಕೇಳ್ತೀನಿ.”

ಅವಳು ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋಗಿದ್ದಳು. ಟೀಚರು ಬರಿಗಾಲಲ್ಲಿ ಹಿಂದೆ ಬಂದರು. “ಆವತ್ತು ದೀಪ ಹೋದಾಗ ನಾನು ಎಣಿಸ್ತಾ ಇದ್ದೆ. ನಲವತ್ತೆರಡಕ್ಕೆ ನಿಂತುಹೋಯ್ತು ಲೆಕ್ಕ. ಒಂದು ಮಗು ಪರದೆ ಹಿಂದೆ ಹೋಗಿ ಆ ಮುಚ್ಚಿದ ಬಾಗಿಲನ್ನ ತಳ್ತಾ ನಿಂತಿತ್ತು. ಕೊಡಿ ಆ ಕಾಗದ.” ಗೇಟಿನ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದರು.

ಸಮಿತಿಯ ಇನ್ನೊಬ್ಬ, ಬಡಗಿ; ಅವನದು ಬೇರೆಯದೇ ತೊಡಕು. ಬಾಗಿಲು ಮುಚ್ಚಿದ್ದ ಸೆಟ್ಟುಗಳೆಲ್ಲ ಅವನು ಮಾಡಿದವು. ಅರಮನೆ, ಹಡಗು, ಸೆರೆಮನೆ, ಒಂದು ದೊಡ್ಡ ಮರ. ಒಂದನ್ನೂ ಎಸೆಯಲು ಬಿಟ್ಟವನಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದರೆ, ‘ಹೆಗ್ಗಣ ಅಲ್ಲ ಸ್ವಾಮಿ, ತೇಗದ ಮರ’ ಎನ್ನುವ ಪೈಕಿ. ಡ್ರೈವರಕ್ಕ ವಾದಕ್ಕೆ ಇಳಿಯಲಿಲ್ಲ. ಬೆಳಗಿನ ಪಾಳಿ ಮುಗಿಸಿ ಅವನನ್ನು ಕೇಂದ್ರಕ್ಕೆ ಕರೆದೊಯ್ದು, ರಂಗದ ನಡುವೆ ನಿಲ್ಲಿಸಿ, ಕಣ್ಣಿಗೆ ತನ್ನ ಕರವಸ್ತ್ರ ಕಟ್ಟಿದಳು.

“ಹಿಂದಿನ ಬಾಗಿಲಿಗೆ ಹೋಗಿ.”

“ಇದೇನು ಕಣ್ಣಾಮುಚ್ಚಾಲೆ? ನಾನು ಈ ರಂಗದಲ್ಲಿ ನಿದ್ದೆಗಣ್ಣಲ್ಲೂ ಓಡಾಡ್ತೀನಿ.”

“ಓಡಾಡಿ ಮತ್ತೆ.”

ನಾಲ್ಕು ಹೆಜ್ಜೆ ಸರಾಗ ಹೋದ. ಐದನೆಯದಕ್ಕೆ ಹಡಗಿನ ಮೂತಿ ಅವನ ಮೊಣಕಾಲಿಗೆ ಬಡಿಯಿತು. ಪಕ್ಕಕ್ಕೆ ಸರಿದರೆ ಸೆರೆಮನೆಯ ಸರಳು. ಕೈ ಚಾಚಿ ತಡವಿದರೆ ಮರದ ಕೊಂಬೆ ಅಂಗಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದದ್ದಕ್ಕೆ ಅರಮನೆ ಮೆಲ್ಲಗೆ ಅವನ ಹೆಗಲ ಮೇಲೆ ಒರಗಿತು. ಡ್ರೈವರಕ್ಕ ಓಡಿಹೋಗಿ ಹಿಡಿದುಕೊಂಡಳು. ಆಮೇಲೆ ಕರವಸ್ತ್ರ ಬಿಚ್ಚಿದಳು. ಬಾಗಿಲು ಇನ್ನೂ ಎಂಟು ಅಡಿ ದೂರದಲ್ಲಿತ್ತು.

“ಇದರ ಜೊತೆ ಹೊಗೆ ಬೇರೆ ಇರುತ್ತೆ,” ಅಂದಳು.

ಅವನು ಮೊಣಕಾಲು ಉಜ್ಜಿಕೊಳ್ಳುತ್ತ ಅರಮನೆಯನ್ನೇ ನೋಡಿದ. “ಮರ ಮಾತ್ರ ಒಡೆಯಲ್ಲ. ಅದನ್ನ ನಮ್ಮನೆಗೆ ತಗೊಂಡು ಹೋಗ್ತೀನಿ.”

“ಹೆಂಡತಿ ಒಪ್ತಾರಾ?”

“ಅವಳನ್ನ ಒಪ್ಪಿಸೋಕೆ ಬೇರೆ ವಿಶೇಷ ಸಭೆ ಕರೀಬೇಕು. ಕೈ ಎತ್ತುತ್ತೀನಿ, ಹೋಗಿ.”

ಇನ್ನೊಂದು ಬೇಕಿತ್ತು. ಬೇಕರಿಯವರೂ ಗ್ರಂಥಾಲಯದ ಗುಮಾಸ್ತರೂ ಭಾವನ ಜೊತೆಗೇ ಎಂದು ಮೊದಲೇ ಹೇಳಿಬಿಟ್ಟಿದ್ದರು. ಉಳಿದದ್ದು ಹಲ್ಲಿನ ಡಾಕ್ಟರು. ಊರಿನವರ ಬಾಯನ್ನೆಲ್ಲ ತೆರೆಸುವ ಮನುಷ್ಯ, ಸಭೆಯಲ್ಲಿ ತಮ್ಮ ಬಾಯಿ ತೆರೆದದ್ದು ಯಾರಿಗೂ ನೆನಪಿಲ್ಲ. ಅವಳು ಮೂರು ಸಲ ಕ್ಲಿನಿಕ್ಕಿಗೆ ಹೋದಳು. ಮೊದಲ ಸಲ ರೋಗಿಗಳಿದ್ದರು. ಎರಡನೇ ಸಲ ಡಾಕ್ಟರು ಹಿಂಬಾಗಿಲಿಂದ ಹೋಗಿಬಿಟ್ಟಿದ್ದರು. ಮೂರನೇ ಸಲ ಅವಳು ಚೀಟಿ ಬರೆಸಿ, ಸರದಿಯಲ್ಲಿ ಕಾದು, ರೋಗಿಯ ಕುರ್ಚಿಯ ಮೇಲೆಯೇ ಹೋಗಿ ಒರಗಿದಳು.

“ಯಾವ ಹಲ್ಲು?” ಎಂದರು ಡಾಕ್ಟರು.

“ಹಲ್ಲು ಗಟ್ಟಿ ಇದೆ. ನಿಮ್ಮ ಕ್ಲಿನಿಕ್ಕಿಗೆ ಹಿಂಬಾಗಿಲು ಇರೋದು ಒಳ್ಳೇದು ಡಾಕ್ಟ್ರೇ. ಕಷ್ಟ ಬಂದಾಗ ಬೇಗ ಹೊರಗೆ ಹೋಗಬಹುದು.”

ಡಾಕ್ಟರು ನಾಚಿಕೊಂಡರು. ಆಮೇಲೆ ಕೈಗವಸು ಬಿಚ್ಚುತ್ತ ಹೇಳಿದರು: “ನಿಮ್ಮ ಭಾವ ನನಗೆ ಇಪ್ಪತ್ತು ವರ್ಷದ ಸ್ನೇಹ. ಅವರ ಎದುರಿಗೆ ಕೈ ಎತ್ತೋದು ಕಷ್ಟ.”

“ನನಗೆ ಅವರು ಅಕ್ಕನ ಗಂಡ. ನನಗೆ ಸುಲಭವಾ?”

ಡಾಕ್ಟರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಹಾಗೇ ಕಳಿಸಿಕೊಟ್ಟರು.

ಸೋಮವಾರ ಸಂಜೆ ಆರಕ್ಕೆ ಸಭೆ. ಆ ದಿನ ಅಕ್ಕನ ಫ್ಲಾಸ್ಕು ಬಂದಿರಲಿಲ್ಲ. ಚೀಟಿಯಲ್ಲಿ ಬರೆದು ಹಾಕೋಣವೇ ಎಂದು ಗುಮಾಸ್ತರು ಕೇಳಿದರು. ಭಾವ ಬೇಡವೆಂದರು. “ನನ್ನ ಮುಖ ನೋಡ್ಕೊಂಡೇ ಕೈ ಎತ್ತಲಿ.”

“ಅದೇ ಸರಿ,” ಎಂದಳು ಡ್ರೈವರಕ್ಕ. ಎಲ್ಲರಿಗಿಂತ ಮೊದಲು ಅವಳೇ ಕೈ ಎತ್ತಿದಳು. ಟೀಚರದು ಎದ್ದಿತು. ಬಡಗಿಯದು ಎದ್ದಿತು. ಹಲ್ಲಿನ ಡಾಕ್ಟರು ಮೇಜಿನ ಮೇಲಿನ ಗಾಜಿನ ಲೋಟವನ್ನು ಒಂದು ಸುತ್ತು ತಿರುಗಿಸಿದರು, ಇನ್ನೊಂದು ಸುತ್ತು ತಿರುಗಿಸಿದರು.

“ನನ್ನ ಮೊಮ್ಮಗಳೂ ಆವತ್ತು ಹಾಡೋಕೆ ನಿಂತಿದ್ಲು,” ಎಂದು ಕೊನೆಗೆ ಹೇಳಿದರು ಡಾಕ್ಟರು, ಯಾರನ್ನೂ ನೋಡದೆ. “ಇದನ್ನ ನಾನೇ ಮೊದಲು ಹೇಳಬೇಕಿತ್ತು.” ಅವರ ಕೈ ಭುಜದ ಎತ್ತರಕ್ಕೆ ಬಂದು ಅಲ್ಲೇ ನಿಂತಿತು. ಅಷ್ಟು ಎತ್ತರ ಸಾಕಾಗಿತ್ತು.

ಭಾವ ಕೂಗಾಡಲಿಲ್ಲ. ಆ ಕಂಠದಿಂದ ಕೂಗು ನಿರೀಕ್ಷಿಸಿದ್ದವರಿಗೆ ಅದೇ ಹೆಚ್ಚು ಭಯವಾಯಿತು. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಮೇಜಿನ ಮೇಲಿಟ್ಟು, ಅಧ್ಯಕ್ಷತೆ, ಸಮಿತಿ, ರಾಜನ ಪಾತ್ರ ಮೂರನ್ನೂ ಬಿಟ್ಟೆ ಎಂದು ಗುಮಾಸ್ತರಿಗೆ ಬರೆಸಿದರು. ಬಾಗಿಲ ಬಳಿ ನಿಂತು ನಾದಿನಿಯ ಕಡೆ ತಿರುಗಿದರು. “ಸುಮ್ಮನೆ ಕೂತ್ಕೋ ಅಂತ ಕರೆದೆ ನಿನ್ನ.”

“ಎರಡು ವರ್ಷ ಕೂತಿದ್ದೆ ಭಾವ. ತಪ್ಪಾಯ್ತು.”

ಉಳಿದ ಆರು ಜನರಲ್ಲಿ ಇನ್ನು ಅಧ್ಯಕ್ಷರು ಯಾರು ಎಂಬ ಮಾತು ಬಂತು. ಹೊತ್ತಿಸಿದವಳೇ ಒಲೆ ಕಾಯಲಿ ಎಂದು ಬೇಕರಿಯವರು ಅಂದರು, ಸ್ವಲ್ಪ ಕುಹಕದಿಂದಲೇ. ಹಾಗೆ ಅವಳು ಹಂಗಾಮಿ ಅಧ್ಯಕ್ಷೆಯಾದಳು. ನಾಟಕ ಮುಂದಕ್ಕೆ ಹೋಯಿತು. ಮರುದಿನದಿಂದ ಬಸ್ಸು ಹತ್ತುವವರಲ್ಲಿ ಅರ್ಧ ಜನ ಟಿಕೆಟ್ಟಿಗಿಂತ ಮೊದಲು ಅವಳಿಗೆ ಬುದ್ಧಿ ಹೇಳತೊಡಗಿದರು. ಅವಳು ಕನ್ನಡಿ ನೋಡುತ್ತ, ‘ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ’ ಎಂದಷ್ಟೇ ಹೇಳುತ್ತಿದ್ದಳು.

ಎರಡು ಭಾನುವಾರ ಸೆಟ್ಟು ತೆರವು ಮಾಡುವುದರಲ್ಲೇ ಹೋದವು. ಹಡಗು ಮೂರು ತುಂಡಾಗಿ ಹೊರಗೆ ಹೋಯಿತು. ಮರ ಬಡಗಿಯ ಮನೆ ಸೇರಿತು. ಅವನ ಹೆಂಡತಿ ಅದರ ಮೇಲೆ ಬಟ್ಟೆ ಒಣಹಾಕಲು ಶುರುಮಾಡಿದಳಂತೆ. ಕೊನೆಗೆ ಬಾಗಿಲು ಕಂಡಿತು. ಅಗುಳಿ ತುಕ್ಕು ಹಿಡಿದಿತ್ತು. ಬಡಗಿ ಸುತ್ತಿಗೆಯಿಂದ ಆರೇಳು ಏಟು ಕೊಟ್ಟ ಮೇಲೆ ಸಡಿಲವಾಯಿತು. ಎಲ್ಲರೂ ಸೇರಿ ತಳ್ಳಿದರು. ಬಾಗಿಲು ನಾಲ್ಕು ಬೆರಳು ತೆರೆದು ಗಕ್ಕನೆ ನಿಂತಿತು. ಸಂದಿಯಲ್ಲಿ ಬೆಳಕಿಲ್ಲ. ಟಾರ್ಚು ಹಾಕಿ ನೋಡಿದರೆ ಇಟ್ಟಿಗೆ ಗೋಡೆ. ಹಿಂದಿನ ಜಾಗದವರು ಯಾವ ಕಾಲದಲ್ಲೋ ತಮ್ಮ ಗೋದಾಮಿನ ಗೋಡೆಯನ್ನು ಬಾಗಿಲಿಗೆ ಒತ್ತಿಯೇ ಎಬ್ಬಿಸಿದ್ದರು. ಅದು ಅವರ ಗಡಿಯೊಳಗೇ ಇತ್ತು. ಕೇಳಿದರೆ ಪಾಪ, ಆ ಬಾಗಿಲು ಯಾವತ್ತೂ ತೆರೆದದ್ದೇ ನೋಡಿಲ್ಲ ಎಂದರು.

ಬೇಕರಿಯವರು ಕೈ ಝಾಡಿಸಿಕೊಂಡರು. “ಮುಗೀತಲ್ಲ. ಇಷ್ಟಕ್ಕೆ ನಾಟಕಾನೂ ಹೋಯ್ತು, ಅಧ್ಯಕ್ಷರೂ ಹೋದರು.”

ಡ್ರೈವರಕ್ಕ ಅಲ್ಲೇ ಧೂಳಿನ ನೆಲದ ಮೇಲೆ ಕೂತುಬಿಟ್ಟಳು. ಯಾರೂ ಹತ್ತಿರ ಬರಲಿಲ್ಲ. ಒಂದು ಹತ್ತು ನಿಮಿಷ ಕೂತಿದ್ದು, ಸೀರೆ ಕೊಡವಿಕೊಂಡು ಎದ್ದು, ಕಟ್ಟಡದ ಒಳಗೋಡೆಗಳನ್ನೆಲ್ಲ ಒಂದು ಸುತ್ತು ಮುಟ್ಟಿಕೊಂಡು ಬಂದಳು. ಎಡಕ್ಕೆ ನೀರಿನ ತೊಟ್ಟಿ. ಹಿಂದೆ ಗೋದಾಮು. ಬಲಕ್ಕೆ ಮಾತ್ರ ಓಣಿ, ಓಣಿಯ ತುದಿಗೆ ರಸ್ತೆ. ರಂಗಕ್ಕೂ ಓಣಿಗೂ ನಡುವೆ ಇದ್ದದ್ದು ಒಂದೇ ಕೋಣೆ. ಭಾವನದು.

“ದಾರಿ ಇದೆ,” ಎಂದಳು. “ಆದ್ರೆ ಮೊದಲು ಹೋಗಿ ಕೇಳಬೇಕು.”

“ಕೇಳೋದೇನು, ಬೀಗದ ಕೈ ನಮ್ಮ ಹತ್ರನೇ ಇದೆಯಲ್ಲ?” ಎಂದರು ಗುಮಾಸ್ತರು.

“ಬೀಗದ ಕೈ ಇದೆ. ಅವರ ಬೆನ್ನ ಹಿಂದೆ ಒಡೆಯಲ್ಲ.”

ಅಕ್ಕ ಬಾಗಿಲು ತೆಗೆದಳು. ಮೂರು ವಾರದಿಂದ ಅಕ್ಕತಂಗಿಯರು ಮಾತಾಡಿರಲಿಲ್ಲ. ಅಕ್ಕ ಒಳಗೆ ಬಿಟ್ಟು, ಎರಡು ಲೋಟ ಟೀ ತಂದಿಟ್ಟು, ಗೋಡೆಗೊರಗಿ ನಿಂತಳು. ಭಾವ ಪೇಪರಿನ ಹಿಂದೆ ಇದ್ದರು. ಡ್ರೈವರಕ್ಕ ಆ ಪೇಪರಿಗೇ ಎಲ್ಲವನ್ನೂ ಹೇಳಿದಳು: ಸಿಕ್ಕ ಗೋಡೆ, ಉಳಿದ ದಾರಿ, ಒಡೆಯಬೇಕಾದ ಕೋಣೆ. ಪುಟ ತಿರುಗಿತು. ಇನ್ನೊಂದು ಪುಟ ತಿರುಗಿತು.

“ಕೇಳಿಸ್ತಾ ಇದೆಯೇನ್ರಿ?” ಎಂದಳು ಅಕ್ಕ.

“ಫೋಟೋಗಳನ್ನ ಇಳಿಸಿಕೊಡ್ತೀನಿ ಭಾವ, ಒಂದು ಗಾಜೂ ಒಡೆಯದ ಹಾಗೆ. ಬೇಡ ಅಂದ್ರೂ ಒಡೀಬೇಕಾಗುತ್ತೆ, ಆದ್ರೆ ಇನ್ನೊಬ್ಬರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ಬಂದೆ.”

ಅವಳು ಹೊಸ್ತಿಲು ದಾಟುವಾಗ ಪೇಪರಿನ ಹಿಂದಿನಿಂದ ದನಿ ಬಂತು. “ಎಲ್ಲಿ ಒಡೀತೀಯ?”

“ಮೂಲೇಲಿ. ರಂಗಕ್ಕೆ ಹತ್ತಿರ ಆಗುತ್ತೆ.”

“ಮೂಲೇಲಿ ಒಡೆದ್ರೆ ಮೇಲಿನ ತೊಲೆ ನಿಮ್ಮ ತಲೆ ಮೇಲೇ ಕೂರುತ್ತೆ. ಭಾರ ಎಲ್ಲ ಆ ಮೂಲೇಲೇ ಇದೆ.” ಪೇಪರು ಕೆಳಗಿಳಿಯಲಿಲ್ಲ. “ಕಿಟಕಿ ಇರೋ ಕಡೆ ಒಡೀರಿ. ಅದರ ಮೇಲೆ ಕಾಂಕ್ರೀಟ್ ಪಟ್ಟಿ ಇದೆ, ಆರಡಿ ಉದ್ದದ್ದು. ನಾನೇ ನಿಂತು ಹಾಕಿಸಿದ್ದು.”

ಅವಳು ಚಪ್ಪಲಿ ಮೆಟ್ಟಿಕೊಂಡಳು.

ಬಾಗಿಲಾಚೆ ಬಂದ ಅಕ್ಕ ಮೆಲ್ಲಗೆ ಕೇಳಿದಳು: “ಸಮಿತೀಲಿ ಅವರ ಕುರ್ಚಿ ಖಾಲಿ ಇದೆಯಲ್ಲ, ಅದಕ್ಕೆ ಯಾರು ನಿಲ್ತಾರೆ?”

“ಇನ್ನೂ ಯಾರೂ ಇಲ್ಲ. ಯಾಕೆ?”

“ಹತ್ತೊಂಬತ್ತು ವರ್ಷ ಟೀ ಕಳಿಸಿದೀನಿ. ಆ ಸಭೇಲಿ ಏನು ಮಾತಾಡ್ತಾರೆ ಅಂತ ಒಂದು ಸಲಾನೂ ಕೇಳಿಲ್ಲ. ನಾನು ನಿಲ್ತೀನಿ.”

“ಭಾವ?”

“ಅವರು ಈಗ ಮನೇಲಿ ಯಾರ ಹತ್ರಾನೂ ಮಾತಾಡಲ್ಲ. ನನಗೂ ಮಾತಾಡೋಕೆ ಒಂದು ಜಾಗ ಬೇಡ್ವಾ?”

ಸದಸ್ಯರೆಲ್ಲ ಸೇರಿ ಆರಿಸುವ ದಿನ, ಮಾಜಿ ಅಧ್ಯಕ್ಷರ ಹೆಂಡತಿ ನಿಂತಿದ್ದಾಳೆಂದು ಭಾವನ ಕಡೆಯವರು ಕೈ ಎತ್ತಿದರು. ಡ್ರೈವರಕ್ಕನ ಅಕ್ಕ ಎಂದು ಈ ಕಡೆಯವರೂ ಎತ್ತಿದರು. ಒಂದೂ ವಿರೋಧವಿಲ್ಲದೆ ಗೆದ್ದವಳು ಕೇಂದ್ರದ ಚರಿತ್ರೆಯಲ್ಲಿ ಅವಳೊಬ್ಬಳೇ. ಮೊದಲ ಸಭೆಯಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ, ‘ಟೀ ಯಾರು ತರ್ತಾರೆ?’ ಎಂಬುದು. ಆವತ್ತಿನಿಂದ ಸರದಿಯ ಪಟ್ಟಿ ಬಂತು, ಮೊದಲ ಹೆಸರು ಬೇಕರಿಯವರದು.

ಕಿಟಕಿಯ ಜಾಗದಲ್ಲಿ ಗೋಡೆ ಒಡೆದರು. ಕಾಂಕ್ರೀಟ್ ಪಟ್ಟಿ ಹೇಳಿದ ಕಡೆಯೇ ಇತ್ತು, ಅಳತೆ ಹಿಡಿದರೆ ಆರಡಿ ಮೇಲೆ ಎರಡಂಗುಲ. ಫೋಟೋಗಳನ್ನು ಡ್ರೈವರಕ್ಕನೇ ಒಂದೊಂದಾಗಿ ಹಳೇ ಪರದೆಯಲ್ಲಿ ಸುತ್ತಿ ಇಳಿಸಿದಳು. ಹೊಸ ಬಾಗಿಲಿಗೆ ಅಗುಳಿ ಇಲ್ಲ, ಅಡ್ಡಲಾಗಿ ಒಂದು ಸರಳು; ಮಗು ಮೈ ಒತ್ತಿದರೂ ಹೊರಕ್ಕೆ ತೆರೆದುಕೊಳ್ಳಬೇಕು ಎಂದು ಅವಳು ಹಟ ಹಿಡಿದಿದ್ದಳು. ಬಡಗಿ ನಾಲ್ಕು ಸಲ ಬಿಚ್ಚಿ ಕೂರಿಸಿದ. ನಾಲ್ಕನೇ ಸಲಕ್ಕೆ ಸಂಗೀತದ ಟೀಚರ ತರಗತಿಯ ಅತಿ ಸಣ್ಣ ಹುಡುಗಿ ಬಂದು ಹೆಗಲು ಕೊಟ್ಟಳು, ಬಾಗಿಲು ತೆರೆಯಿತು.

ಆರು ವಾರ ತಡವಾಗಿ ನಾಟಕ ನಡೆಯಿತು. ರಾಜನ ಪಾತ್ರ ಬಡಗಿಯದು. ಇಪ್ಪತ್ತು ವರ್ಷ ಪರದೆಯ ಪಕ್ಕ ನಿಂತು ಕೇಳಿ ಅವನಿಗೆ ಒಂದಕ್ಷರ ಬಿಡದೆ ಬಾಯಿಪಾಠವಾಗಿತ್ತು. ಕಂಠ ಭಾವನದಲ್ಲ. ಮಧ್ಯದ ಸಾಲಿನಾಚೆಗೆ ಮಾತು ಹೋಗುತ್ತಿರಲಿಲ್ಲ. ಜನ ಗೊಣಗಿದರು, ಆದರೂ ಕೊನೆಯವರೆಗೆ ಕೂತರು.

ಭಾವ ಬಂದದ್ದು ಮೂರನೇ ಪ್ರದರ್ಶನಕ್ಕೆ. ಸಾಲಲ್ಲಿ ನಿಂತು ಟಿಕೆಟ್ಟು ಕೊಂಡು, ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ನೋಡಿದರು. ಮುಗಿದ ಮೇಲೆ ಜನ ಎರಡು ಕಡೆಯಿಂದಲೂ ಹೊರಟರು. ಡ್ರೈವರಕ್ಕ ಓಣಿಯ ಬಾಗಿಲ ಬಳಿ ನಿಂತಿದ್ದಳು. ಭಾವ ಆ ಕಡೆಯೇ ಬಂದರು. ತಮ್ಮ ಕೋಣೆಯಿದ್ದ ಜಾಗದಲ್ಲಿ ಒಂದು ಕ್ಷಣ ನಿಂತು, ಮೇಲೆ ನೋಡಿದರು, ಕೆಳಗೆ ನೋಡಿದರು.

“ಇಲ್ಲಿ ಮಳೆ ನೀರು ಒಳಗೆ ಬರುತ್ತೆ. ಹೊಸ್ತಿಲು ಹಾಕಿಸಬೇಕಿತ್ತು.”

“ಹೊಸ್ತಿಲು ಹಾಕಿದ್ರೆ ಕತ್ತಲಲ್ಲಿ ಎಡವುತ್ತಾರೆ ಭಾವ. ಹೊರಗೆ ಇಳಿಜಾರು ಮಾಡ್ತೀವಿ. ಭಾನುವಾರ ಗಾರೆ ಕೆಲಸ.”

“ಎಷ್ಟು ಇಳಿಜಾರು?”

“ಅದು ಇನ್ನೂ ಗೊತ್ತಿಲ್ಲ.”

ಭಾವ ಓಣಿಯಲ್ಲಿ ನಡೆದುಹೋದರು. ಭಾನುವಾರ ಬರುತ್ತೇನೆ ಅನ್ನಲಿಲ್ಲ. ಅವಳೂ ಕರೆಯಲಿಲ್ಲ, ಕರೆಯುವುದು ಬಿಡುವುದು ಅಕ್ಕನ ಕೆಲಸ ಎಂದು ಬಿಟ್ಟಳು. ಒಳಗೆ ಬಡಗಿ ಕಿರೀಟ ಕೈಯಲ್ಲಿ ಹಿಡಿದು ಕೂಗುತ್ತಿದ್ದ, ಕುರ್ಚಿ ಜೋಡಿಸಲು ಜನ ಸಾಲದು ಎಂದು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.